ಹೆಸರಿನ ಉತ್ತರಪದ ಮತ್ತು ಜಾತಿ: ಕನ್ನಡ ವ್ಯಕ್ತಿನಾಮಗಳಲ್ಲಿ ಒಂದು ಪಲ್ಲಟ

ಮಗುವಿಗೆ ಹೆಸರಿಡುವುದು ಕುಟುಂಬದ ಖಾಸಗಿ ಆಯ್ಕೆಯಂತೆ ತೋರಿದರೂ ಅದರ ಹಿಂದೆ ಶ್ರೇಣೀಕರಣದ ದೀರ್ಘ ಇತಿಹಾಸವಿದೆ. ಬ್ರಾಹ್ಮಣನ ಹೆಸರು ಮಂಗಳವನ್ನು, ಕ್ಷತ್ರಿಯನದು ಬಲವನ್ನು, ವೈಶ್ಯನದು ಧನವನ್ನು ಸೂಚಿಸಬೇಕು, ಶೂದ್ರನದು ಹೇಯವಾಗಿರಬೇಕು ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯದ 31ನೆಯ ಶ್ಲೋಕ ವಿಧಿಸುತ್ತದೆ. ಉತ್ತರಪದವೂ ವರ್ಣಕ್ಕೆ ತಕ್ಕಂತಿರಬೇಕೆಂಬುದು ಮರುಶ್ಲೋಕದ ವಿಧಿ. ಕನ್ನಡ ನಾಡಿನ ರೂಢಿಯಲ್ಲಿ ಮೊದಲ ವಿಧಿ ಬಹುಮಟ್ಟಿಗೆ ಸೋತಿದೆ. ಎರಡನೆಯದು ಬೇರೊಂದು ರೂಪದಲ್ಲಿ ಉಳಿದುಬಂದಿದೆ.

ತಿಪ್ಪ, ಕಲ್ಲ, ಹುಚ್ಚ, ಕಾಡ, ಗುಂಡ ಮೊದಲಾದ ನಾಮಮೂಲಗಳನ್ನು ಗಮನಿಸಬಹುದು. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಕೂಸಿಗೆ ಯಾರೂ ಆಸೆಪಡದ ವಸ್ತುವಿನ ಹೆಸರನ್ನಿಟ್ಟರೆ ಸಾವಿನ ಕಣ್ಣು ತಪ್ಪುತ್ತದೆಂಬ ನಂಬಿಕೆ ವ್ಯಾಪಕವಾಗಿತ್ತು. ಇಲ್ಲಿ ಹೇಯಾರ್ಥವು ಶಿಕ್ಷೆಯಲ್ಲ, ರಕ್ಷೆ. ಇಂತಹ ಮೂಲಗಳು ಒಂದೇ ಜಾತಿಯ ಸೊತ್ತಾಗಿಯೂ ಉಳಿಯಲಿಲ್ಲ; ಡಿ.ವಿ. ಗುಂಡಪ್ಪನವರ ಹೆಸರಿನ ಮೂಲವೇ ಕೆಳಜಾತಿಗಳಲ್ಲಿಯೂ ಇತ್ತು. ಶಿಶುಮರಣದ ಭಯ ಎಲ್ಲ ಕೇರಿಗಳದೂ ಆಗಿತ್ತು. (ಸಾಕಮ್ಮ ಎಂಬ ಹೆಸರಿನಲ್ಲಿ 'ಸಲಹು' ಎಂಬ ಅರ್ಥವಿದೆಯೋ, 'ಹೆಣ್ಣುಮಕ್ಕಳು ಇನ್ನು ಸಾಕು' ಎಂಬ ನಿಟ್ಟುಸಿರಿದೆಯೋ ಎಂಬುದನ್ನು ಆಯಾ ಮನೆಯವರೇ ಹೇಳಬೇಕು.)

ಜಾತಿ ನೆಲೆಸಿದ್ದು ಮೂಲದಲ್ಲಲ್ಲ, ಅದಕ್ಕೆ ಹತ್ತುವ ಉತ್ತರಪದದಲ್ಲಿ. ತಿಮ್ಮ ಎಂಬ ಒಂದೇ ಮೂಲ ತಿಮ್ಮಣ್ಣಭಟ್ಟ, ತಿಮ್ಮೇಗೌಡ, ತಿಮ್ಮಶೆಟ್ಟಿ, ತಿಮ್ಮಾನಾಯ್ಕ ಎಂದು ಕವಲೊಡೆಯುತ್ತದೆ. ಏನೂ ಹತ್ತದಿದ್ದಾಗ ಬರಿಯ ತಿಮ್ಮನಾಗುತ್ತದೆ. ಏನೂ ಹತ್ತದಿರುವುದೂ ಒಂದು ಗುರುತೇ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯಲ್ಲಿ ಒಡೆಯರ ಮನೆಯವರು ಮುಕುಂದಯ್ಯ, ಸುಬ್ಬಣ್ಣ ಹೆಗ್ಗಡೆ ಎನಿಸಿಕೊಂಡರೆ ದುಡಿಯುವವರು ಗುತ್ತಿ, ತಿಮ್ಮಿ, ಐತ, ಪೀಂಚಲು ಎಂದೇ ಉಳಿಯುತ್ತಾರೆ. ದೇವನೂರ ಮಹಾದೇವರ ಕಥೆಯ ಅಮಾಸನಿಗೂ ಹಿಂದುಮುಂದಿಲ್ಲದ ಆ ಒಂದೇ ಪದವಿದೆ.

ಉತ್ತರಪದದ ಅರ್ಥ ಎಲ್ಲ ಕಡೆ ಒಂದೇ ಅಲ್ಲವೆಂಬುದನ್ನು ಒತ್ತಿ ಹೇಳಬೇಕು. ಉತ್ತರ ಕರ್ನಾಟಕದಲ್ಲಿ 'ಅಯ್ಯ' ಎಂಬ ಅಂತ್ಯ ಸಾಮಾನ್ಯವಾಗಿ ಜಂಗಮರನ್ನು ಸೂಚಿಸುತ್ತದೆ; ಹಳೆಯ ಮೈಸೂರು ಸೀಮೆಯಲ್ಲಿ ಅದೇ ಅಂತ್ಯ ದಲಿತರಲ್ಲಿ ಬಹು ಬಳಕೆಯದು. ಮಾಗಡಿ ಪ್ರದೇಶದಿಂದ ಬಂದ ಕವಿ ಸಿದ್ಧಲಿಂಗಯ್ಯನವರ ಹೆಸರನ್ನು ಧಾರವಾಡ ಸೀಮೆಯ ಅಪರಿಚಿತರು ಬೇರೆ ರೀತಿಯಲ್ಲಿ ಓದಿಕೊಳ್ಳುವ ಸಾಧ್ಯತೆಯಿದೆ. ಆದ್ದರಿಂದ ಪ್ರತ್ಯಯವೊಂದಕ್ಕೆ ಜಾತಿಯೊಂದನ್ನು ಎದುರಿಟ್ಟು ಪಟ್ಟಿಮಾಡುವ ಕ್ರಮ ಪ್ರದೇಶವನ್ನು ಮರೆತರೆ ದಾರಿತಪ್ಪಿಸುತ್ತದೆ.

ಈ ವ್ಯವಸ್ಥೆಯನ್ನು ಒಳಗಿನಿಂದಲೇ ಕದಲಿಸಿದ ಪ್ರಯತ್ನ 12ನೆಯ ಶತಮಾನದ ಶರಣರದು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂಬಲ್ಲಿ ಕುಲಕಸುಬು ಮುಂದೆಯೇ ನಿಂತಿದೆ, ಆದರೆ ಹಿಂದೆ ಬರುವ 'ಅಯ್ಯ' ಎಲ್ಲರಿಗೂ ಸಮಾನ. ಜಾತಿಯನ್ನು ಮರೆಮಾಚದೆ ಗೌರವವನ್ನು ಹಂಚಿದ ಈ ಕ್ರಮ ಇಂದಿನ ನಾಮಕರಣದ ಒಲವಿಗೆ ನೇರ ವಿರುದ್ಧವಾಗಿದೆ. ಧರ್ಮದ ಗಡಿಯನ್ನು ಮಸುಕಾಗಿಸಿದ ಹೆಸರುಗಳೂ ಉಂಟು. ಶಿರಹಟ್ಟಿಯ ಫಕೀರೇಶ್ವರ ಪರಂಪರೆಯ ಪ್ರಭಾವವಿರುವ ಪ್ರದೇಶದಲ್ಲಿ ಫಕೀರಪ್ಪ, ಫಕೀರವ್ವ ಎಂಬ ಹಿಂದೂ ಹೆಸರುಗಳು ಸಹಜ.

ಇಪ್ಪತ್ತನೆಯ ಶತಮಾನದಲ್ಲಿ ಶಿಕ್ಷಣ ಪಡೆದ ಕುಟುಂಬಗಳು ಉತ್ತರಪದವನ್ನೇ ಕೈಬಿಡತೊಡಗಿದವು. ವೆಂಕಟಪ್ಪನವರ ಮಗ ಪುಟ್ಟಪ್ಪ. ಪುಟ್ಟಪ್ಪನವರ ಮಕ್ಕಳು ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಒಂದೇ ಮನೆತನದಲ್ಲಿ 'ಅಪ್ಪ' ಹೀಗೆ ನಿಂತುಹೋಯಿತು. ಮುಂದಿನ ದಶಕಗಳಲ್ಲಿ ಬಂದ ಪ್ರಜ್ವಲ್, ಕಿರಣ್, ರಾಹುಲ್ ಮುಂತಾದ ವ್ಯಂಜನಾಂತ ಹೆಸರುಗಳು ಸ್ವರಾಂತ್ಯದ ಕನ್ನಡ ಜಾಯಮಾನಕ್ಕೆ ಒಗ್ಗವೆಂದು ವೈಯಾಕರಣರು ಆಕ್ಷೇಪಿಸುವುದುಂಟು. ಆಕ್ಷೇಪ ಸಾಧುವೇ, ಆದರೆ ಅಪೂರ್ಣ. ಪ್ರಜ್ವಲ್ ಎಂಬುದಕ್ಕೆ ಅಪ್ಪ, ಅಯ್ಯ, ಗೌಡ ಯಾವುದೂ ಸಲೀಸಾಗಿ ಹತ್ತುವುದಿಲ್ಲ. ಕನ್ನಡದ ಧ್ವನಿರಚನೆಗೆ ಹೊರಗಾದ ಹೆಸರು ಕನ್ನಡದ ಜಾತಿಸೂಚಕಗಳಿಗೂ ಹೊರಗಾಗುತ್ತದೆ. ತಿಮ್ಮನೆಂದು ಕರೆಸಿಕೊಂಡ ತಂದೆ ಮಗನಿಗೆ ಅಂಥ ಹೆಸರನ್ನು ಆರಿಸಿದ್ದರೆ ಅದನ್ನು ಅನುಕರಣೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆಯ್ಕೆಯ ಒತ್ತಡ ಕಾಲ್ಪನಿಕವೂ ಅಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಮಾನ ಅರ್ಹತೆಯ ಅರ್ಜಿಗಳನ್ನು ಹೆಸರನ್ನಷ್ಟೇ ಬದಲಿಸಿ ಖಾಸಗಿ ಉದ್ಯೋಗಗಳಿಗೆ ಕಳುಹಿಸಲಾಗಿತ್ತು. ಮೇಲ್ಜಾತಿಯ ಹಿಂದೂ ಹೆಸರನ್ನು 1 ಎಂದಿಟ್ಟುಕೊಂಡರೆ, ಮುಂದಿನ ಹಂತಕ್ಕೆ ಕರೆ ಬರುವ ಸಂಭವದ ಅನುಪಾತ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33 ಇತ್ತು. ಅಮೆರಿಕದ ಬಾಸ್ಟನ್ ಮತ್ತು ಶಿಕಾಗೋ ನಗರಗಳಲ್ಲಿ ಬಿಳಿಯರ, ಕರಿಯರ ಹೆಸರುಗಳನ್ನಿಟ್ಟು ನಡೆಸಿದ, 2004ರಲ್ಲಿ ಪ್ರಕಟವಾದ ಪ್ರಯೋಗವೂ ಇಂತಹುದೇ ತಾರತಮ್ಯವನ್ನು ತೋರಿಸಿತ್ತು.

ಮರೆಮಾಚುವ ದಾರಿಯನ್ನು ಎಲ್ಲರೂ ಹಿಡಿದಿಲ್ಲ. 1956ರಲ್ಲಿ ಅಂಬೇಡ್ಕರ್ ಅವರು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ನಂತರ ಸಿದ್ಧಾರ್ಥ, ಗೌತಮ, ರಾಹುಲ ಮುಂತಾದ ಹೆಸರುಗಳು ದಲಿತ ಕುಟುಂಬಗಳಲ್ಲಿ ಘೋಷಣೆಯ ರೂಪ ಪಡೆದವು. ಅದೇ ಹೆಸರುಗಳನ್ನು ಮೇಲ್ಜಾತಿಗಳೂ ಧಾರಾಳವಾಗಿ ಇಡುವುದರಿಂದ ಕೇಳುಗನಿಗೆ ಘೋಷಣೆ ಯಾವುದು, ರೂಢಿ ಯಾವುದು ಎಂಬುದು ತಿಳಿಯದು. ಆಗ ಅವನ ಕಣ್ಣು ಇನಿಷಿಯಲ್ಲಿನತ್ತ ಹೊರಳುತ್ತದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ದಿನ ಆ ಒಂದಕ್ಷರವನ್ನು ಬಿಡಿಸಿ ಬರೆಯಬೇಕಾಗುತ್ತದೆ; ಮಗನ ಹೆಸರಿನಿಂದ ತೆಗೆದುಹಾಕಿದ ಉತ್ತರಪದ ತಂದೆಯ ಹೆಸರಿನ ಮೂಲಕ ಮರಳಿ ಬರುತ್ತದೆ.