ಕೆಜಿಎಫ್‌ಗೆ ಫುಟ್ಬಾಲ್ ಕ್ರೀಡಾಂಗಣ: ಲೆಕ್ಕ ನೆಲದಡಿಯಿಂದಲೇ ಆರಂಭವಾಗಬೇಕು

ಬಂಗಾರಪೇಟೆ ಜಂಕ್ಷನ್‌ನಿಂದ ಮಾರಿಕುಪ್ಪಂವರೆಗಿನ ರೈಲುಮಾರ್ಗಕ್ಕೆ 1894ರ ಇತಿಹಾಸವಿದೆ. ಅಂದು ಗಣಿಗಳಿಗೆ ಯಂತ್ರಗಳನ್ನೂ ಕಾರ್ಮಿಕರನ್ನೂ ತಂದ ಅದೇ ಹಳಿಗಳ ಮೇಲೆ ಇಂದು ಕೆಜಿಎಫ್‌ನ ಸಾವಿರಾರು ಮಂದಿ ನಸುಕಿನಲ್ಲೇ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದವು. ಬ್ರಿಟಿಷ್ ಕಂಪನಿಗಳ ಕಾಲದಲ್ಲಿ ಕ್ಲಬ್ಬು, ಜಿಮ್ಖಾನಾಗಳೊಡನೆ ಬೆಳೆದ ಆಟದ ಅಭಿರುಚಿ ಮಾತ್ರ ಮುಚ್ಚಿಲ್ಲ. ಕಾರ್ಮಿಕರ ಕಾಲೊನಿಗಳಲ್ಲಿ ಫುಟ್ಬಾಲ್ ಮತ್ತು ಹಾಕಿ ಇಂದಿಗೂ ಮನೆಮಾತು.

ಇಂಥ ಊರಿಗೆ ಆಧುನಿಕ ಫುಟ್ಬಾಲ್ ಕ್ರೀಡಾಂಗಣವೊಂದು ಬೇಕೆಂದರೆ ಬೇಡವೆನ್ನುವವರು ವಿರಳ. ಆದರೆ ಅದು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಹಣ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಅಷ್ಟು ಸುಲಭವಲ್ಲ.

ಮೊದಲು ನೆಲ

ಯಾವುದೇ ಕ್ರೀಡಾಂಗಣದ ಮೊದಲ ವೆಚ್ಚ ಮಣ್ಣಿನ ಪರೀಕ್ಷೆಯದು. ಕೆಜಿಎಫ್‌ನಲ್ಲಿ ಆ ಪರೀಕ್ಷೆ ಬಲು ಆಳಕ್ಕೆ ಇಳಿಯಬೇಕಾಗುತ್ತದೆ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಹೋಗಿತ್ತು. ಒತ್ತಡಕ್ಕೆ ಬಂಡೆಗಳು ಸಿಡಿಯುವ 'ರಾಕ್ ಬರ್ಸ್ಟ್' ಇಲ್ಲಿನವರಿಗೆ ಹೊಸದಲ್ಲ. ಅದರ ಪೆಟ್ಟಿಗೆ ಮೇಲಿನ ಕಟ್ಟಡಗಳೂ ಬಿರುಕು ಬಿಟ್ಟದ್ದುಂಟು. ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಇಲ್ಲೇ ಸ್ಥಾಪನೆಯಾದದ್ದು ಆಕಸ್ಮಿಕವಲ್ಲ. ಪಂಪುಗಳು ನಿಂತ ಬಳಿಕ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ.

ಸಾವಿರಾರು ಜನ ಒಟ್ಟಿಗೆ ಎದ್ದು ಕುಣಿಯುವ ಗ್ಯಾಲರಿಯನ್ನು ಹಳೆಯ ಸುರಂಗದ ನೆತ್ತಿಯ ಮೇಲೆ ಕಟ್ಟಲಾಗದು. ಗಣಿ ನಕ್ಷೆಗಳನ್ನು ಮುಂದಿಟ್ಟುಕೊಂಡು, ಅದಿರಿನ ಪಟ್ಟಿಯಿಂದ ದೂರದ ಗಟ್ಟಿ ನೆಲವನ್ನು ಆರಿಸಬೇಕು.

ಸಯನೈಡ್ ಗುಡ್ಡಗಳು ಇನ್ನೊಂದು ತೊಡಕು. ಚಿನ್ನ ತೆಗೆದ ಮೇಲೆ ಉಳಿದ ಸುಮಾರು 3.3 ಕೋಟಿ ಟನ್ ನುಣುಪು ಪುಡಿ ಗುಡ್ಡಗಳಾಗಿ ನಿಂತಿದೆ. ಇವುಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಸಮ್ಮತಿ ನೀಡಿತು. ಗಾಳಿಗೆ ಏಳುವ ಈ ಧೂಳು ಓಡಿ ಏದುಸಿರು ಬಿಡುವ ಹುಡುಗರ ಶ್ವಾಸಕೋಶಕ್ಕೆ ಸೇರಬಾರದು. ಗಾಳಿಯ ದಿಕ್ಕು ನೋಡಿಯೇ ಜಾಗ ಗೊತ್ತುಮಾಡಬೇಕು. ಈ ಎರಡೂ ತೊಡಕುಗಳಿಂದ ದೂರವಿರುವ, ರೈಲು ಜಂಕ್ಷನ್ ಇರುವ ಬಂಗಾರಪೇಟೆ ಕಡೆಯ ಜಾಗವೂ ಪರಿಶೀಲನೆಗೆ ಅರ್ಹ.

ಹುಲ್ಲು ಮತ್ತು ನೀರು

ಅಂತರರಾಷ್ಟ್ರೀಯ ಅಳತೆಯ ಅಂಗಳ 105 ಮೀಟರ್ ಉದ್ದ, 68 ಮೀಟರ್ ಅಗಲ. ಸಂಜೆಯ ಬಿಸಿಲು ಗೋಲ್‌ಕೀಪರನ ಕಣ್ಣಿಗೆ ಹೊಡೆಯದಂತೆ ಅದನ್ನು ಉತ್ತರ-ದಕ್ಷಿಣವಾಗಿ ಹಾಕುತ್ತಾರೆ. ಹುಲ್ಲಿನ ಕೆಳಗೆ ಮರಳು, ಜಲ್ಲಿ ಮತ್ತು ತೂತು ಕೊಳವೆಗಳ ಪದರಗಳಿರುತ್ತವೆ. ಮಳೆ ಸುರಿದ ಅರ್ಧ ಗಂಟೆಯಲ್ಲೇ ಆಟ ಮುಂದುವರಿಯುವುದು ಈ ಕಾಣದ ಪದರಗಳ ದೆಸೆಯಿಂದ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಂಚುಗಳೂ ಸೇರಿ 8,000 ಚದರ ಮೀಟರ್ ಹುಲ್ಲಿಗೆ ದಿನಕ್ಕೆ 5 ಮಿ.ಮೀ. ನೀರೆಂದರೂ ಬೇಸಿಗೆಯಲ್ಲಿ ದಿನಕ್ಕೆ 40 ಸಾವಿರ ಲೀಟರ್ ಬೇಕು. ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಇದನ್ನು ಕೊಳವೆಬಾವಿಯಿಂದ ಎತ್ತುವುದು ನ್ಯಾಯವೆನಿಸದು. 2,000 ಚದರ ಮೀಟರ್ ಚಾವಣಿಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ 14 ಲಕ್ಷ ಲೀಟರ್ ಸಿಗುತ್ತದೆ. ಅದು 35 ದಿನಗಳ ನೀರು. ಉಳಿದದ್ದಕ್ಕೆ ಸಂಸ್ಕರಿಸಿದ ಕೊಳಚೆ ನೀರೇ ಗತಿ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದರಿಂದ ಈ ಮಾತು ಇಲ್ಲಿನವರಿಗೆ ಅಪರಿಚಿತವಲ್ಲ.

ಬೆಂಗಳೂರು ಫುಟ್ಬಾಲ್ ಸ್ಟೇಡಿಯಂನಲ್ಲಿರುವಂತೆ ಕೃತಕ ಹುಲ್ಲು ಹಾಸಿದರೆ ನೀರು ಉಳಿಯುತ್ತದೆ, ಬೆಳಗಿನಿಂದ ರಾತ್ರಿಯವರೆಗೆ ಆಡಬಹುದು. ಆದರೆ ಬಿಸಿಲಿಗೆ ಅದು ಕಾಯುತ್ತದೆ. ಎಂಟು-ಹತ್ತು ವರ್ಷಕ್ಕೊಮ್ಮೆ ಇಡೀ ಹಾಸನ್ನು ಬದಲಿಸಬೇಕು. ಆ ಹಣವನ್ನು ಮೊದಲ ದಿನದಿಂದಲೇ ತೆಗೆದಿಡದಿದ್ದರೆ ಹತ್ತನೆಯ ವರ್ಷಕ್ಕೆ ಅಂಗಳಕ್ಕೆ ಬೀಗ ಬೀಳುತ್ತದೆ.

ಕಣ್ಣಿಗೂ ಕಾಲಿಗೂ ದಾರಿ

ಗ್ಯಾಲರಿಯ ಪ್ರತಿ ಮೆಟ್ಟಿಲ ಎತ್ತರ ಒಂದು ಸಣ್ಣ ಲೆಕ್ಕದಿಂದ ನಿರ್ಧಾರವಾಗುತ್ತದೆ. ಹಿಂದೆ ಕುಳಿತವನ ದೃಷ್ಟಿರೇಖೆ ಮುಂದಿನವನ ಕಣ್ಣಿನ ಮಟ್ಟಕ್ಕಿಂತ ಸುಮಾರು 9ರಿಂದ 12 ಸೆಂ.ಮೀ. ಮೇಲೆ ಹಾದುಹೋದರೆ ಆಟ ಚೆನ್ನಾಗಿ ಕಾಣುತ್ತದೆ. ನಡುವೆ ಓಟದ ಪಥ ಬಂದರೆ ಪ್ರೇಕ್ಷಕ ದೂರ ಸರಿಯುತ್ತಾನೆ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕೊರತೆ ಇದೇ. ಅಲ್ಲಿ ಅಥ್ಲೀಟುಗಳು ಮತ್ತು ಫುಟ್ಬಾಲ್ ಕ್ಲಬ್ಬಿನ ನಡುವಿನ ಜಾಗದ ಜಗಳ ನ್ಯಾಯಾಲಯದವರೆಗೂ ಹೋಗಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಹೊರಬರುವ ದಾರಿ. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ ನೂಕುನುಗ್ಗಲಿಗೆ 97 ಮಂದಿ ಬಲಿಯಾದರು. 2025ರ ಜೂನ್ 4ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಬಳಿ 11 ಮಂದಿ ಪ್ರಾಣ ತೆತ್ತರು. ಬ್ರಿಟನ್ನಿನ ಸುರಕ್ಷಾ ಕೈಪಿಡಿಯ ಪ್ರಕಾರ ಪ್ರೇಕ್ಷಕರು ಎಂಟು ನಿಮಿಷದೊಳಗೆ ಹೊರಬರಬೇಕು; ಒಂದು ಮೀಟರ್ ಅಗಲದ ಮೆಟ್ಟಿಲಲ್ಲಿ ನಿಮಿಷಕ್ಕೆ 66 ಜನ ಇಳಿಯಬಹುದು. ಹಾಗಾದರೆ 5,000 ಜನರಿಗೆ ಒಟ್ಟು ಸುಮಾರು 9.5 ಮೀಟರ್ ಅಗಲದ ಮೆಟ್ಟಿಲುಗಳು ಬೇಕು. ಇದರಲ್ಲಿ ಕಡಿತ ಮಾಡಿ ಉಳಿಸುವ ಹಣ ಜೀವದ ಬೆಲೆಯದು.

ಕಟ್ಟುವ ಹಣ, ನಡೆಸುವ ಹಣ

ಲಂಡನ್ನಿನ ಆರ್ಸೆನಲ್ ಕ್ಲಬ್ 2006ರಲ್ಲಿ ಸುಮಾರು 39 ಕೋಟಿ ಪೌಂಡ್ ವೆಚ್ಚದಲ್ಲಿ ಹೊಸ ಕ್ರೀಡಾಂಗಣ ತೆರೆಯಿತು. ಬ್ಯಾಂಕ್ ಸಾಲ, ವಿಮಾನ ಕಂಪನಿಗೆ ಮಾರಿದ ಹೆಸರಿನ ಹಕ್ಕು, ಹಳೆಯ ಕ್ರೀಡಾಂಗಣದ ಜಾಗದಲ್ಲಿ ಕಟ್ಟಿದ ಮನೆಗಳ ಮಾರಾಟ ಅದಕ್ಕೆ ಆಧಾರವಾದವು. ಪ್ರತಿ ಪಂದ್ಯಕ್ಕೂ 60 ಸಾವಿರ ಟಿಕೆಟ್ ಮಾರಾಟವಾಗುವ ಊರಿನ ಲೆಕ್ಕವದು. ಬ್ರೆಜಿಲ್‌ನ ಮನೌಸ್‌ನಲ್ಲಿ 2014ರ ವಿಶ್ವಕಪ್‌ಗೆಂದು 40 ಸಾವಿರಕ್ಕೂ ಹೆಚ್ಚು ಆಸನಗಳ ಕ್ರೀಡಾಂಗಣ ಕಟ್ಟಿದರು. ಅಲ್ಲಿ ನಡೆದದ್ದು ನಾಲ್ಕೇ ವಿಶ್ವಕಪ್ ಪಂದ್ಯ. ಆಮೇಲೆ ಸ್ಥಳೀಯ ಕ್ಲಬ್ಬುಗಳಿಗೆ ಅದನ್ನು ತುಂಬಿಸಲಾಗಲಿಲ್ಲ.

ದೊಡ್ಡ ಕ್ಲಬ್ಬು ಕೂಡ ತವರಿನಲ್ಲಿ ಆಡುವ ಲೀಗ್ ಪಂದ್ಯಗಳು ವರ್ಷಕ್ಕೆ ಹನ್ನೆರಡರಿಂದ ಇಪ್ಪತ್ತು. ಉಳಿದ ದಿನಗಳ ವಿದ್ಯುತ್ತು, ಕಾವಲು, ಹುಲ್ಲಿನ ಆರೈಕೆಗೆ ಹಣ ಎಲ್ಲಿಂದ ಬರಬೇಕು? ಕೆಜಿಎಫ್ ನಗರದ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 1.6 ಲಕ್ಷ. ಇಲ್ಲಿಗೆ ಒಪ್ಪುವುದು ಹಂತಹಂತದ ನಿರ್ಮಾಣ. ಮೊದಲು ಉತ್ತಮ ಅಂಗಳ, ಚರಂಡಿ, ಹುಡುಗಿಯರಿಗೂ ಪ್ರತ್ಯೇಕವಾದ ಉಡುಪು ಕೋಣೆ, 200ರಿಂದ 500 ಲಕ್ಸ್ ದೀಪ. ಸಂಜೆಯ ಬಿಸಿಲು ಬೆನ್ನಿಗೆ ಬೀಳುವಂತೆ ಪಶ್ಚಿಮಕ್ಕೊಂದು ಗ್ಯಾಲರಿ. ಜನ ಬಂದಂತೆ ಉಳಿದ ಮೂರು ಬದಿ.

ಹಣದ ಮೂಲಗಳೂ ಹಲವು. ಕೇಂದ್ರದ ಖೇಲೋ ಇಂಡಿಯಾ ಯೋಜನೆ, ರಾಜ್ಯ ಕ್ರೀಡಾ ಇಲಾಖೆ, ಸಂಸದರ ಹಾಗೂ ಶಾಸಕರ ಪ್ರದೇಶಾಭಿವೃದ್ಧಿ ನಿಧಿ, 2013ರ ಕಂಪನಿ ಕಾಯ್ದೆಯಡಿ ಕಂಪನಿಗಳು ಲಾಭದ ಶೇ. 2ರಷ್ಟನ್ನು ತೆಗೆದಿಡಬೇಕಾದ ಸಾಮಾಜಿಕ ಹೊಣೆಗಾರಿಕೆಯ ಹಣ. ಇವೆಲ್ಲ ಕಟ್ಟಲು ಕೊಡುತ್ತವೆ. ನಡೆಸಲು ಕೊಡುವವರು ಕಡಿಮೆ. ಆದ್ದರಿಂದ ಹೊರಬದಿಯ ಅಂಗಡಿಗಳ ಬಾಡಿಗೆ, ಶಾಲೆಗಳ ವಾರ್ಷಿಕ ಶುಲ್ಕ, ರಾತ್ರಿ ಆಟದ ಬಾಡಿಗೆಯಿಂದ ನಿರ್ವಹಣಾ ನಿಧಿಯೊಂದನ್ನು ಅಡಿಗಲ್ಲಿಗೆ ಮುನ್ನವೇ ರೂಪಿಸಬೇಕು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದುಬಂದದ್ದು ಈ ಊರಿಗೆ. ಅಂದು ಆ ಬೆಳಕು ಚಿನ್ನಕ್ಕಾಗಿ ಬಂದಿತ್ತು. ಚಿನ್ನ ತೀರಿದಾಗ ಹಣ ಹಾಕಿದವರು ಹೊರಟುಹೋದರು. ಈ ಬಾರಿ ದೀಪ ಹೊತ್ತಿಸುವವರು, ಹತ್ತು ವರ್ಷದ ನಂತರ ಅದರ ಬಿಲ್ಲನ್ನು ಯಾರು ಕಟ್ಟುತ್ತಾರೆಂಬುದನ್ನು ಮೊದಲೇ ಬರೆದಿಡಲಿ. ಬೆಂಗಳೂರಿನಿಂದ ರಾತ್ರಿ ರೈಲಿಗೆ ಮರಳುವ ತಂದೆಗೆ, ತನ್ನ ಮಗಳು ಸುರಕ್ಷಿತವಾದ ಅಂಗಳದಲ್ಲಿ ಆಡಿ ಮನೆ ಸೇರಿದ್ದಾಳೆಂಬ ನೆಮ್ಮದಿ ಸಿಕ್ಕರೆ ಆ ಕ್ರೀಡಾಂಗಣ ಸಾರ್ಥಕ.