ಒಂದು ಫ್ರೇಮ್‌ನಲ್ಲಿ ಪಟಾಕಿ, ಮುಂದಿನದರಲ್ಲಿ ಹೊಗೆ

2023ರ ಅಕ್ಟೋಬರ್ 7, ಶನಿವಾರ. ಎಲೆಕ್ಟ್ರಾನಿಕ್ ಸಿಟಿ ದಾಟಿ ಹೊಸೂರು ಕಡೆ ಹೋದರೆ ಸಿಗುವ ಅತ್ತಿಬೆಲೆಯಲ್ಲಿ ಲಾರಿಯಿಂದ ಪಟಾಕಿ ಇಳಿಸುವಾಗ ಗೋದಾಮು ಹೊತ್ತಿಕೊಂಡಿತು. ಮೊದಲ ಲೆಕ್ಕಕ್ಕೇ 14 ಜನ ಸತ್ತಿದ್ದರು. ಆಮೇಲೆ ನನ್ನನ್ನು ಎಷ್ಟೋ ಜನ ಕೇಳಿದ್ದು ಒಂದೇ: ಓಡಿ ಹೊರಗೆ ಬರೋಕೆ ಯಾಕಾಗಲಿಲ್ಲ?

ನೋಡಿ, ಕಟ್ಟಿಗೆ ಉರಿಯೋಕೆ ಗಾಳಿ ಬೇಕು. ಪಟಾಕಿ ಮದ್ದಿಗೆ ಬೇಡ. ಆಮ್ಲಜನಕ ಕೊಡುವ ಉಪ್ಪು ಅದರೊಳಗೇ ಬೆರೆತಿರುತ್ತೆ. ರಾಕೆಟ್‌ನ ಘನ ಇಂಧನವೂ ಇದೇ ಜಾತಿ. ಇಂಥದ್ದು ಎಷ್ಟು ವೇಗವಾಗಿ ಉರಿಯುತ್ತೆ ಅಂತ ಅಳೆಯೋದು ಹೇಗೆ?

ಬೆರಳುದ್ದದ ಇಂಧನದ ಕಡ್ಡಿಯನ್ನು ಕಿಟಕಿಯಿರುವ ಉಕ್ಕಿನ ಪಾತ್ರೆಯಲ್ಲಿ ನಿಲ್ಲಿಸಿ, ಒತ್ತಡದಲ್ಲಿ ನೈಟ್ರೋಜನ್ ತುಂಬಿ, ಮೇಲಿನ ತುದಿಗೆ ಕಿಡಿ ಕೊಡುತ್ತಾರೆ. ಹಳೇ ಪದ್ಧತಿಯಲ್ಲಿ ಕಡ್ಡಿಗೆ ಎರಡು ಕಡೆ ತೆಳು ತಂತಿ ತೂರಿಸಿ, ಒಂದು ಕರಗಿ ಇನ್ನೊಂದು ಕರಗುವವರೆಗಿನ ಸಮಯ ನೋಡುತ್ತಿದ್ದರು. ಸಿಗುತ್ತಿದ್ದದ್ದು ಸರಾಸರಿ ಮಾತ್ರ. ಕ್ಯಾಮೆರಾ ನಡುವೆ ನಡೆದದ್ದನ್ನೂ ತೋರಿಸುತ್ತೆ. ಮೊದಲು ಅದೇ ಜಾಗದಲ್ಲಿ ಸ್ಕೇಲ್ ಇಟ್ಟು ಚಿತ್ರ ತೆಗೆದು, ಒಂದು ಪಿಕ್ಸೆಲ್ ಅಂದರೆ ಎಷ್ಟು ಮಿಲಿಮೀಟರ್ ಅಂತ ತಿಳಿದುಕೊಳ್ಳುತ್ತಾರೆ. ಆಮೇಲೆ ಉರಿಯುವ ಅಂಚು ಫ್ರೇಮಿಂದ ಫ್ರೇಮಿಗೆ ಎಷ್ಟು ಕೆಳಗಿಳಿಯಿತು ಅಂತ ಎಣಿಸೋದು, ಅಷ್ಟೇ. ಕಾಟ ಕೊಡೋದು ಜ್ವಾಲೆಯ ಬೆಳಕು. ಅಂಚನ್ನೇ ನುಂಗಿಬಿಡುತ್ತೆ. ಅದಕ್ಕೆ ಹಿಂದಿನಿಂದ ಲೇಸರ್ ಬೆಳಕು ಬಿಟ್ಟು, ಆ ಒಂದೇ ಬಣ್ಣ ಒಳಬಿಡುವ ಫಿಲ್ಟರನ್ನು ಲೆನ್ಸ್ ಮುಂದೆ ಹಾಕುತ್ತಾರೆ. ಜ್ವಾಲೆ ಹೆಚ್ಚುಕಮ್ಮಿ ಮಾಯ, ಕಡ್ಡಿಯ ನೆರಳು ಸ್ಪಷ್ಟ.

ರಾಕೆಟ್ ಇಂಧನವನ್ನು ಹೀಗೆ ಅಳೆದರೆ ಬರೋದು ಸೆಕೆಂಡಿಗೆ ಕೆಲವೇ ಮಿಲಿಮೀಟರ್. ಊದುಬತ್ತಿಗಿಂತ ಜೋರು, ಆದರೂ ಹೆದರುವಂಥದ್ದಲ್ಲ ಅನ್ನಿಸುತ್ತೆ. ಪಿಎಸ್‌ಎಲ್‌ವಿಯ ಮೊದಲ ಹಂತದ ಸುಮಾರು 138 ಟನ್ ಇಂಧನ ಎರಡು ನಿಮಿಷದೊಳಗೆ ಮುಗಿಯೋದು ವೇಗದಿಂದಷ್ಟೇ ಅಲ್ಲ, ಒಳಗೆ ಉರಿಯುವ ಮೇಲ್ಮೈ ಅಷ್ಟು ದೊಡ್ಡದು. ಇನ್ನೊಂದು ವಿಷಯ, ಒತ್ತಡ ಏರಿದರೆ ವೇಗವೂ ಏರುತ್ತೆ. ಇಂಜಿನಿಯರಿಂಗ್‌ನಲ್ಲಿ ಈ ಸೂತ್ರ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ. ಅರ್ಥ ಆಗಿದ್ದು ಅತ್ತಿಬೆಲೆ ಸುದ್ದಿ ಓದಿದ ದಿನ.

ಗಟ್ಟಿ ಇಂಧನ ಪದರ ಪದರವಾಗಿ ಉರಿಯುತ್ತೆ. ಅದರಲ್ಲಿ ಬಿರುಕು ಬಿಟ್ಟರೆ ಬೆಂಕಿಗೆ ಹೊಸ ಮೇಲ್ಮೈ ಸಿಗುತ್ತೆ, ರಾಕೆಟ್ ಮಾಡುವವರಿಗೆ ಅದೇ ಭಯ. ಪಟಾಕಿಯ ಪುಡಿಯಲ್ಲಿ ಬರೀ ಬಿರುಕೇ. ಬಿಸಿ ಅನಿಲ ಕಣಗಳ ಸಂದಿಯಲ್ಲಿ ನುಗ್ಗಿ ಮುಂದಿನದನ್ನು ಮೊದಲೇ ಹೊತ್ತಿಸುತ್ತೆ, ಸುತ್ತಿದ ಕಾಗದ ಒತ್ತಡ ಹಿಡಿದಿಡುತ್ತೆ. ನಮ್ಮ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದು ಫ್ರೇಮ್‌ನಲ್ಲಿ ಪಟಾಕಿ ಇರುತ್ತೆ, ಮುಂದಿನದರಲ್ಲಿ ಹೊಗೆ. ಅದರ ಕಿಡಿ ಪಕ್ಕದ ಪೆಟ್ಟಿಗೆಗೆ ಹಾರಿರುತ್ತೆ. ಕೈಯಲ್ಲಿರೋ ಪೆಟ್ಟಿಗೆ ಬಿಟ್ಟು, ತಿರುಗಿ, ಬಾಗಿಲ ಕಡೆ ಮೊದಲ ಹೆಜ್ಜೆ ಇಡೋಕೆ ಮನುಷ್ಯನಿಗೆ ಎರಡು ಸೆಕೆಂಡಾದರೂ ಬೇಕು. ಅಂದರೆ 50 ಫ್ರೇಮ್.