ಹರಿದ ಕಿವಿಗೆ ಹೊಲಿಗೆ

ನಮ್ಮ ಹೊಸೂರು ಸೀಮೆಯ ಅಜ್ಜಿಯರ ಕಿವಿಗಳನ್ನು ಗಮನಿಸಿದ್ದೀರಾ, ಮಕ್ಕಳೇ? ಭಾರದ ಓಲೆಗಳಿಂದ ತೂತು ಜೋತು, ಕೆಲವರ ಹಾಲೆಯೇ ಸೀಳಿರುತ್ತದೆ. ನನ್ನ ತಾಯಿಯವರಿಗೂ ಹಾಗಾಗಿತ್ತು. ಮದುವೆಮನೆಗಳಲ್ಲಿ ಕಿವಿ ಮುಚ್ಚುವಂತೆ ಸೆರಗು ಹೊದ್ದು ಕೂರುತ್ತಿದ್ದರು. ಆಪರೇಷನ್ ಎಂದರೆ ಮಾತ್ರ ಹೆದರಿಕೆ.

ಇದೂ ಪ್ಲಾಸ್ಟಿಕ್ ಸರ್ಜರಿಯೇ. ಪ್ಲಾಸ್ಟಿಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ರೂಪ ಕೊಡುವುದು ಎಂಬರ್ಥದ ಗ್ರೀಕ್ ಮಾತದು. ಇದಕ್ಕೆ ಆಪರೇಷನ್ ಥಿಯೇಟರ್ ಬೇಕಿಲ್ಲ, ವೈದ್ಯರ ಕೋಣೆಯ ಮಂಚ ಸಾಕು. ಶುಚಿತ್ವ ಮಾತ್ರ ಕಡಿಮೆಯಾಗಬಾರದು. ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಬೇಕು. ಹಾಲೆಗೆ ಲಿಗ್ನೋಕೇನ್ ಸೂಜಿಮದ್ದು ಕೊಡುತ್ತಾರೆ. 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಔಷಧ ಇದು. ನರದೊಳಕ್ಕೆ ಸೋಡಿಯಂ ಕಣಗಳು ನುಗ್ಗದಂತೆ ತಡೆಯುವುದರಿಂದ ನೋವಿನ ಸುದ್ದಿ ಮಿದುಳಿಗೆ ಮುಟ್ಟದು. ಎಳೆದದ್ದು ತಿಳಿಯಬಹುದು, ನೋಯುವುದಿಲ್ಲ.

ಸೀಳಿನ ಅಂಚುಗಳನ್ನು ಸುಮ್ಮನೆ ಸೇರಿಸಿ ಹೊಲಿದರೆ ಕೂಡುವುದಿಲ್ಲ. ಅವುಗಳ ಮೇಲೆ ಚರ್ಮ ಬೆಳೆದಿರುತ್ತದಲ್ಲ! ಅದನ್ನು ತೆಳುವಾಗಿ ಕತ್ತರಿಸಿ, ಹಸಿಗಾಯ ಮಾಡಿಯೇ ಹೊಲಿಯಬೇಕು.

ನಮ್ಮ ಕಡೆಯ ಬಾರಾಮಹಲು ಇಂಗ್ಲಿಷರ ಪಾಲಾದ 1792ರ ಯುದ್ಧದಲ್ಲಿ, ಇಂಗ್ಲಿಷ್ ದಂಡಿನ ಎತ್ತು ಹೊಡೆಯುವ ಕಾವಸಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನ ಹಣೆಯ ಚರ್ಮವನ್ನೇ ಕೆಳಕ್ಕೆ ತಿರುಗಿಸಿ ಹೊಸ ಮೂಗು ಕೂಡಿಸಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದನ್ನು ಚಿತ್ರಸಹಿತ ಅಚ್ಚುಹಾಕಿತು. ಆಗ ಮರಗಟ್ಟಿಸುವ ಸೂಜಿಯೂ ಇರಲಿಲ್ಲ.

ಈ ಕಥೆ ಕೇಳಿದ ಮೇಲೆಯೇ ತಾಯಿಯವರು ಒಪ್ಪಿದ್ದು. ಹೊಲಿಯುವಾಗ ವೈದ್ಯರೊಡನೆ ರಾಗಿಯ ಬೆಲೆ ಮಾತಾಡುತ್ತಿದ್ದರು! ವಾರದ ಮೇಲೆ ಹೊಲಿಗೆ ಬಿಚ್ಚಿದರು. ಕೆಲವು ತಿಂಗಳು ಕಾದು, ಹಳೆಯ ಗೆರೆ ಬಿಟ್ಟು ಪಕ್ಕದಲ್ಲಿ ಚುಚ್ಚಿಸಿದೆವು. ಓಲೆ ಮಾತ್ರ ಹಗುರದ್ದು.